ಬಾಕ್ಸ್ ಕೂರಿಸಿದರೆ ಸಾಲದು, ಪಟ್ಟಿಗೂ ಸೇರಲಿ

ಮಾನ್ಯ ಸಂಪಾದಕರೇ,

ನಾನು ಮಡಿಕೇರಿಯಲ್ಲಿ ಒಂದು ನೆಟ್‌ವರ್ಕ್ ನಿಗಾ ಕೊಠಡಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಎದುರಿಗೆ ದೊಡ್ಡ ಪರದೆ ಇರುತ್ತದೆ. ಬೇರೆ ಬೇರೆ ಊರುಗಳಲ್ಲಿ ಕೂರಿಸಿರುವ ಸ್ವಿಚ್, ರೌಟರ್ ಎಂಬ ಇಂಟರ್ನೆಟ್ ಬಾಕ್ಸ್‌ಗಳು ಅದರಲ್ಲಿ ಒಂದೊಂದು ಚುಕ್ಕಿ. ಸರಿ ಇದ್ದರೆ ಹಸಿರು, ಉತ್ತರ ಕೊಡದಿದ್ದರೆ ಕೆಂಪು. ಕೆಂಪಾದ ತಕ್ಷಣ ಫೀಲ್ಡ್ ಹುಡುಗರಿಗೆ ಫೋನ್ ಮಾಡಿ ಆ ಊರಿಗೆ ಕಳಿಸುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ನಾಲ್ಕು ವರ್ಷ ನಾನೂ ಹೊರಗೆ ಹೋಗಿ ಕೇಬಲ್ ಎಳೆಸಿ, ಬಾಕ್ಸ್ ಕೂರಿಸಿ ಬರುತ್ತಿದ್ದೆ. ಹಾಗಾಗಿ ಎರಡೂ ಕಡೆಯ ಕಷ್ಟ ನನಗೆ ಗೊತ್ತು.

ಕಳೆದ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ನಡೆದ ಒಂದು ವಿಷಯ ಹೇಳಬೇಕು. ನಿಮ್ಮ ಪತ್ರಿಕೆಯನ್ನು ಪಂಚಾಯ್ತಿ ಸದಸ್ಯರು, ಪಿಡಿಒಗಳು, ಗುತ್ತಿಗೆದಾರರು, ಶಾಲೆಯ ಮೇಷ್ಟ್ರುಗಳು ಎಲ್ಲರೂ ಓದುತ್ತಾರೆ. ಮುಂದಿನ ಮಳೆಗೆ ಮೊದಲು ಅವರ ಕಿವಿಗೆ ಇದು ಬೀಳಲಿ ಎಂದು ಬರೆಯುತ್ತಿದ್ದೇನೆ.

ಸೋಮವಾರಪೇಟೆ ತಾಲ್ಲೂಕಿನಲ್ಲಿ, ಪುಷ್ಪಗಿರಿ ಬೆಟ್ಟದ ಕಡೆ ಒಂದು ಊರು. ಹೆಸರು ಬೇಡ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಫೋನ್ ಮಾಡಬೇಕೆಂದರೆ ಬಸ್ ನಿಲ್ದಾಣದಿಂದ ಮೇಲಿನ ತಿರುವಿನವರೆಗೆ ಹತ್ತಬೇಕು. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ, ಆ ಊರಿಗೆ ಒಂದು ಹೊಸ ಸ್ವಿಚ್ ಹಾಕಿದರು. ಸ್ವಿಚ್ ಅಂದರೆ ದೀಪದ ಸ್ವಿಚ್ ಅಲ್ಲ. ಮೇಲಿನಿಂದ ಬರುವ ಒಂದು ಫೈಬರ್ ಲೈನನ್ನು ಹಲವು ಕಡೆಗೆ ಹಂಚುವ ಬಾಕ್ಸ್. ಅದರಿಂದ ಶಾಲೆಗೆ ಒಂದು ಲೈನ್, ಆರೋಗ್ಯ ಕೇಂದ್ರಕ್ಕೆ ಒಂದು, ಹಾಲಿನ ಸೊಸೈಟಿಗೆ ಒಂದು, ನ್ಯಾಯಬೆಲೆ ಅಂಗಡಿಗೆ ಒಂದು. ಕೂರಿಸಿದ ಹುಡುಗ ಹಸಿರು ದೀಪದ ಪಕ್ಕ ಬೆರಳಿಟ್ಟು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ. ಕೆಲಸ ಮುಗಿಯಿತು ಎಂದು ಬರೆದುಕೊಂಡರು. ಬಿಲ್ ಪಾಸಾಯಿತು.

ಜುಲೈ ಕೊನೆಯ ವಾರ ಒಂದು ಬೆಳಿಗ್ಗೆ ನನಗೆ ಫೋನ್ ಬಂತು. ನ್ಯಾಯಬೆಲೆ ಅಂಗಡಿಯವರು. ಮಳೆಯಲ್ಲಿ ತಿರುವಿನವರೆಗೆ ಹತ್ತಿ ಬಂದು ಮಾತಾಡುತ್ತಿದ್ದರು, ಏದುಸಿರು ಕೇಳಿಸುತ್ತಿತ್ತು. "ಅಕ್ಕ, ನೆಟ್ ಇಲ್ಲದೆ ಇವತ್ತಿಗೆ ಮೂರು ದಿನ. ನಿಮಗೆ ಅಲ್ಲಿ ಗೊತ್ತಾಗುವುದಿಲ್ವಾ?" ಎಂದರು. ನಾನು ಪರದೆ ನೋಡಿದೆ. ಎಲ್ಲ ಹಸಿರು. ಒಂದೇ ಒಂದು ಕೆಂಪು ಚುಕ್ಕಿ ಇರಲಿಲ್ಲ. "ಇಲ್ಲಿ ಸರಿಯಾಗೇ ಇದೆಯಲ್ಲ ಅಣ್ಣ" ಎಂದು ಹೇಳಿಬಿಟ್ಟೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಎರಡು ದಿನ ಅಕ್ಕಿಗೆಂದು ನಡೆದು ಬಂದು ವಾಪಸ್ ಹೋಗಿದ್ದರಂತೆ. ಹೆಬ್ಬೆರಳು ಒತ್ತಿದರೆ ಯಂತ್ರದಲ್ಲಿ ಚಕ್ರ ಸುತ್ತುತ್ತಲೇ ಇತ್ತಂತೆ.

ಫೋನ್ ಇಟ್ಟ ಮೇಲೆ ಆ ಊರಿನ ಹೆಸರು ಹಾಕಿ ಹುಡುಕಿದೆ. ಆಗ ಗೊತ್ತಾಯಿತು. ಆ ಸ್ವಿಚ್ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಕೂರಿಸಿ ಏಳು ವಾರ ಆಗಿತ್ತು. ನಮ್ಮ ನಿಗಾ ತಂತ್ರಾಂಶಕ್ಕೆ ಅಂಥದ್ದೊಂದು ಬಾಕ್ಸ್ ಈ ಜಿಲ್ಲೆಯಲ್ಲಿದೆ ಎಂಬುದೇ ತಿಳಿದಿರಲಿಲ್ಲ. ಗೊತ್ತಿಲ್ಲದ ಬಾಕ್ಸ್ ಕೆಟ್ಟರೆ ಕೆಂಪು ಚುಕ್ಕಿ ಎಲ್ಲಿಂದ ಬರಬೇಕು?

ಇನ್ನೂ ಬೇಜಾರಿನ ವಿಷಯ ಮಧ್ಯಾಹ್ನ ಸಿಕ್ಕಿತು. ಇಂಥ ಬಾಕ್ಸ್‌ಗಳು ಕರೆಂಟ್ ಹೋಗಿ ಮತ್ತೆ ಎದ್ದಾಗ, ಲೈನ್ ಕಡಿದು ಮತ್ತೆ ಸೇರಿದಾಗ, ತಾವಾಗೇ ಒಂದು ಸಂದೇಶ ಕಳಿಸುತ್ತವೆ. ನಾವು ಅದಕ್ಕೆ ಟ್ರ್ಯಾಪ್ ಅನ್ನುತ್ತೇವೆ. ಸರ್ವರ್‌ನ ಲಾಗ್ ತೆಗೆದು ನೋಡಿದರೆ, ಆ ಸ್ವಿಚ್ ಹದಿನೈದು ದಿನದಲ್ಲಿ ನಲವತ್ತಕ್ಕೂ ಜಾಸ್ತಿ ಸಲ "ಈಗಷ್ಟೇ ಎದ್ದೆ, ಈಗಷ್ಟೇ ಎದ್ದೆ" ಎಂದು ಕಳಿಸಿತ್ತು. ಯುಪಿಎಸ್ ಬ್ಯಾಟರಿ ಹಿಡಿಯುತ್ತಿರಲಿಲ್ಲ. ಕರೆಂಟ್ ಹೋದಾಗಲೆಲ್ಲ ಸ್ವಿಚ್ ಸತ್ತು ಮತ್ತೆ ಹುಟ್ಟುತ್ತಿತ್ತು. ಕೊನೆಗೆ ಅಡಾಪ್ಟರ್ ಸುಟ್ಟು ಪೂರ್ತಿ ನಿಂತಿತು. ಅಷ್ಟೂ ಸಂದೇಶ ನಮ್ಮ ಸರ್ವರ್‌ಗೆ ಬಂದಿದ್ದವು. ಗೊತ್ತಿಲ್ಲದ ವಿಳಾಸದಿಂದ ಬಂದದ್ದು ಎಂದು ತಂತ್ರಾಂಶ ಅವನ್ನು ಬದಿಗೆ ಸರಿಸಿತ್ತು. ಎರಡು ವಾರ ಆ ಬಾಕ್ಸ್ ಕೂಗುತ್ತಿತ್ತು. ನಾನು ಅದೇ ಕೊಠಡಿಯಲ್ಲಿ ಕುಳಿತಿದ್ದೆ.

ಮರುದಿನ ನಮ್ಮ ಹುಡುಗ ಹೊಸ ಅಡಾಪ್ಟರ್, ಹೊಸ ಬ್ಯಾಟರಿ ತೆಗೆದುಕೊಂಡು ಹೋದ. ಹಾಕಿದ. ಊರಿಗೆ ನೆಟ್ ಬಂತು. ಆದರೂ ನನ್ನ ಪರದೆಗೆ ಆ ಸ್ವಿಚ್ ಬರಲಿಲ್ಲ. "ನೆಟ್ ಬಂತಲ್ಲ ಅಕ್ಕ, ಸಾಕಲ್ವಾ?" ಎಂದು ಕೇಳಿದ. "ಇವತ್ತು ಅದು ಪಟ್ಟಿಗೆ ಬರುವವರೆಗೆ ನೀನು ಅಲ್ಲಿಂದ ಹೊರಡಬೇಡ" ಎಂದೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು ಸಂಜೆ ನಾಲ್ಕಾಯಿತು. ಆ ಆರು ಗಂಟೆಯಲ್ಲಿ ಕಲಿತದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಾಂತ್ರಿಕ ವಿಷಯ ಎಂದು ಪುಟ ತಿರುಗಿಸಬೇಡಿ, ಅರ್ಥವಾಗದ್ದು ಏನೂ ಇಲ್ಲ.

ತಂತ್ರಾಂಶ ಹೊಸ ಬಾಕ್ಸ್‌ಗಳನ್ನು ತಾನೇ ಹುಡುಕಿ ಪಟ್ಟಿಗೆ ಸೇರಿಸುವುದಕ್ಕೆ ಡಿಸ್ಕವರಿ ಅನ್ನುತ್ತಾರೆ. ಜನಗಣತಿಯಂತೆ ಅಂದುಕೊಳ್ಳಿ. ಗಣತಿಯವರು ಎರಡು ರೀತಿ ಕೆಲಸ ಮಾಡಬಹುದು. ಒಂದು, ಈ ಬೀದಿಯ 1ನೇ ನಂಬರಿನಿಂದ 254ನೇ ನಂಬರಿನವರೆಗೆ ಪ್ರತಿ ಬಾಗಿಲು ತಟ್ಟುವುದು. ನೆಟ್‌ವರ್ಕಿನಲ್ಲಿ ಇದನ್ನು ಪಿಂಗ್ ಮಾಡುವುದು ಅನ್ನುತ್ತೇವೆ. "ಇದ್ದೀಯಾ?" ಎಂದು ಕೇಳುವುದು, "ಇದ್ದೇನೆ" ಎಂಬ ಉತ್ತರಕ್ಕೆ ಕಾಯುವುದು. 1983ರಿಂದ ಬಳಕೆಯಲ್ಲಿರುವ ಸರಳ ಉಪಾಯ. ಇನ್ನೊಂದು ರೀತಿ, ಗೊತ್ತಿರುವ ಮನೆಗೆ ಹೋಗಿ "ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?" ಎಂದು ಕೇಳುವುದು. ಸ್ವಿಚ್‌ಗಳು ತಮ್ಮ ಪಕ್ಕದ ಸ್ವಿಚ್‌ಗೆ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ "ನಾನು ಇಂಥವನು, ಈ ತಂತಿಯ ತುದಿಯಲ್ಲಿದ್ದೇನೆ" ಎಂದು ಹೇಳಿಕೊಳ್ಳುತ್ತಿರುತ್ತವೆ. ಇದಕ್ಕೆ ಎಲ್‌ಎಲ್‌ಡಿಪಿ ಎಂದು ಹೆಸರು. ಹೀಗೆ ಒಂದರಿಂದ ಇನ್ನೊಂದಕ್ಕೆ ಕೇಳುತ್ತಾ ಹೋದರೆ ಇಡೀ ಜಾಲದ ನಕ್ಷೆ ಸಿಗುತ್ತದೆ.

ಈಗ ನಮ್ಮ ಕೊಡಗಿನ ತೋಟಗಳನ್ನು ನೆನಪು ಮಾಡಿಕೊಳ್ಳಿ. ಗಣತಿಯವರು ರಸ್ತೆ ಬದಿಯ ಮನೆಗಳನ್ನೆಲ್ಲ ಬರೆದುಕೊಂಡು ಹೋಗುತ್ತಾರೆ. ಗೇಟಿನಿಂದ ಒಂದೂವರೆ ಕಿಲೋಮೀಟರ್ ಒಳಗೆ, ಕಾಫಿ ಗಿಡಗಳ ನಡುವೆ ಇರುವ ಕೂಲಿಯವರ ಲೈನ್‌ಮನೆ? ಯಾರಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಆ ಸ್ವಿಚ್‌ಗೆ ಆದದ್ದೂ ಇದೇ. ನಮ್ಮ ತಂತ್ರಾಂಶಕ್ಕೆ, ನೆಟ್‌ವರ್ಕ್ ವಿಳಾಸದ ಲೆಕ್ಕದಲ್ಲಿ, 10.40.1ರಿಂದ 10.40.8ರವರೆಗಿನ ಬೀದಿಗಳನ್ನು ಮಾತ್ರ ತಟ್ಟು ಎಂದು ಬರೆದುಕೊಟ್ಟಿದ್ದೆವು. ಜೂನ್‌ನಲ್ಲಿ ಹಾಕಿದ ಹೊಸ ಬಾಕ್ಸ್‌ಗಳಿಗೆ ವಿಳಾಸ ಸಾಲದೆ 10.40.9 ಎಂದು ಹೊಸ ಬೀದಿ ತೆರೆದಿದ್ದರು. ತೆರೆದವರು ಬೇರೆಯವರು. ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಬೀದಿ ಸೇರಿಸಿದೆ. ಈಗಲಾದರೂ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಪಿಂಗ್‌ಗೂ ಉತ್ತರವಿಲ್ಲ. ಸುಮಾರು ಹೊತ್ತು ಹುಡುಕಿದ ಮೇಲೆ ನಡುವಿನ ರೌಟರ್‌ನಲ್ಲಿ ಸಿಕ್ಕಿತು. ತೋಟದ ಗೇಟಿನಲ್ಲಿ ಯಾರನ್ನು ಒಳಗೆ ಬಿಡಬೇಕೆಂದು ರೈಟರ್ (ತೋಟದ ಗುಮಾಸ್ತ) ಹತ್ತಿರ ಒಂದು ಚೀಟಿ ಇರುತ್ತದಲ್ಲ, ಹಾಗೆ ರೌಟರ್‌ನಲ್ಲೂ ಒಂದು ಚೀಟಿ ಇರುತ್ತದೆ. ನಿಗಾ ಸರ್ವರ್‌ನಿಂದ ಹಳೆಯ ಎಂಟು ಬೀದಿಗಳಿಗೆ ಹೋಗಬಹುದು ಎಂದು ಅದರಲ್ಲಿತ್ತು. ಒಂಬತ್ತನೆಯದು ಇರಲಿಲ್ಲ. ಊರಿನಿಂದ ಹೊರಗೆ ಬರುವುದಕ್ಕೆ ಅಡ್ಡಿ ಇರಲಿಲ್ಲ. ಅದಕ್ಕೇ ಆ ಸಂದೇಶಗಳು ನಮ್ಮವರೆಗೆ ಬಂದಿದ್ದವು. ನಾವು ಒಳಗೆ ಹೋಗಿ ಕೇಳುವುದಕ್ಕೆ ಮಾತ್ರ ಅಡ್ಡಿ.

ಅದನ್ನೂ ಸರಿ ಮಾಡಿಸಿದ ಮೇಲೆ ಪಿಂಗ್‌ಗೆ ಉತ್ತರ ಬಂತು. ಆದರೆ ಅದು ಸ್ವಿಚ್ಚೋ, ಪ್ರಿಂಟರೋ, ಯಾರದೋ ಲ್ಯಾಪ್‌ಟಾಪೋ ತಂತ್ರಾಂಶಕ್ಕೆ ತಿಳಿಯದು. ಅದನ್ನು ಕೇಳುವುದಕ್ಕೆ ಎಸ್‌ಎನ್‌ಎಂಪಿ ಎಂಬ ಭಾಷೆ ಇದೆ. 1988ರಿಂದ ಇದೆ. ನಿನ್ನ ಹೆಸರೇನು, ಯಾವ ಕಂಪನಿಯ ಯಾವ ಮಾಡೆಲ್, ಎಲ್ಲಿದ್ದೀಯ, ಎಷ್ಟು ಹೊತ್ತಿನಿಂದ ಎದ್ದಿದ್ದೀಯ, ತಂತಿ ಸಿಕ್ಕಿಸುವ ಯಾವ ಕಿಂಡಿ ಕೆಲಸ ಮಾಡುತ್ತಿದೆ ಎಂದು 161ನೇ ಪೋರ್ಟಿನಲ್ಲಿ, ಅಂದರೆ ಆ ಸಂದೇಶಕ್ಕೆಂದೇ ಇರುವ ನಂಬರಿನ ಬಾಗಿಲಿನಲ್ಲಿ, ಕೇಳುತ್ತೇವೆ. ಬಾಕ್ಸ್ ತಾನಾಗೇ ಕಳಿಸುವ ಟ್ರ್ಯಾಪ್ 162ಕ್ಕೆ ಬರುತ್ತದೆ. ಎಸ್‌ಎನ್‌ಎಂಪಿಯ ಹಳೆಯ ರೀತಿಯಲ್ಲಿ ಕೇಳಬೇಕಾದರೆ ಕಮ್ಯುನಿಟಿ ಎಂಬ ಗುಟ್ಟಿನ ಪದ ಹೇಳಬೇಕು. ಪದ ತಪ್ಪಿದರೆ ಬಾಕ್ಸ್ "ತಪ್ಪು" ಎಂದು ತಿರುಗಿ ಹೇಳುವುದಿಲ್ಲ. ಸುಮ್ನೆ ಇದ್ದುಬಿಡುತ್ತದೆ. ಕೇಳಿದವರಿಗೆ ಅದು ಸತ್ತಿದೆಯೋ, ಇಲ್ಲವೇ ಇಲ್ಲವೋ, ಇದ್ದೂ ಮಾತಾಡುತ್ತಿಲ್ಲವೋ ತಿಳಿಯದು. ನಾವು ನಮ್ಮದೇ ಒಂದು ಪದ ಇಟ್ಟುಕೊಂಡಿದ್ದೆವು. ಆ ಸ್ವಿಚ್‌ನಲ್ಲಿ ಕಾರ್ಖಾನೆಯಿಂದ ಬಂದ "ಪಬ್ಲಿಕ್" ಎಂಬ ಪದವೇ ಉಳಿದಿತ್ತು. ಜಗತ್ತಿಗೆಲ್ಲ ಗೊತ್ತಿರುವ ಪದ ಅದು. ಅಂದರೆ ನಮಗೆ ಬಾಯಿ ಬಿಡದ ಆ ಬಾಕ್ಸ್, ಆ ಜಾಲದೊಳಗೆ ಬಂದ ಯಾವ ಅಪರಿಚಿತನಿಗೂ ಉತ್ತರ ಕೊಡಲು ಸಿದ್ಧವಿತ್ತು. ಇದು ಸಣ್ಣ ವಿಷಯ ಅಲ್ಲ.

ಪದ ಬದಲಾಯಿಸಿದ. ಇನ್ನೂ ಬರಲಿಲ್ಲ! ಅಷ್ಟು ಹೊತ್ತಿಗೆ ಮೂರು ಗಂಟೆ. ಹುಡುಗ ಊಟ ಮಾಡಿರಲಿಲ್ಲ. ಹಾಲಿನ ಸೊಸೈಟಿಯವರು ಅವನಿಗೆ ಚಹಾ ಕೊಟ್ಟು ಕೂರಿಸಿದ್ದರಂತೆ. ಕೊನೆಯ ಗಂಟು ಹೆಸರಿನಲ್ಲಿತ್ತು. ಯಾರೂ ಹೆಸರಿಡದಿದ್ದರಿಂದ ಬಾಕ್ಸ್ ತನ್ನ ಹೆಸರು "ಸ್ವಿಚ್" ಎಂದೇ ಹೇಳುತ್ತಿತ್ತು. ವಿರಾಜಪೇಟೆ ಕಡೆ ಇನ್ನೊಂದು ಬಾಕ್ಸೂ ಅದೇ ಹೆಸರಿನಲ್ಲಿ ಮೊದಲೇ ಪಟ್ಟಿ ಸೇರಿತ್ತು. ಅದೇ ಹೆಸರು ಎರಡನೇ ಸಲ ಬಂದಾಗ, ಇದು ಹಳೆಯದೇ ಇನ್ನೊಂದು ವಿಳಾಸದಿಂದ ಕಾಣುತ್ತಿದೆ ಎಂದು ತಂತ್ರಾಂಶ ಬಿಟ್ಟುಬಿಟ್ಟಿತು. ಅದರ ಲೆಕ್ಕದಲ್ಲಿ ಅದು ತಪ್ಪಲ್ಲ. ಒಂದು ರೌಟರ್‌ಗೆ ಹತ್ತು ವಿಳಾಸ ಇರಬಹುದು. ಹತ್ತು ಸಲ ಪಟ್ಟಿಗೆ ಸೇರಿಸಿದರೆ ಗೊಂದಲ. ಊರಿನ ಹೆಸರು, ಕಟ್ಟಡದ ಹೆಸರು ಸೇರಿಸಿ ಹೊಸ ಹೆಸರಿಟ್ಟೆವು. ಎಲ್ಲಿದೆ ಎಂಬ ಜಾಗದಲ್ಲಿ "ಪಂಚಾಯ್ತಿ ಕಟ್ಟಡ, ಮೆಟ್ಟಿಲ ಕೆಳಗಿನ ಕೋಣೆ, ಕೀಲಿ ಪಕ್ಕದ ಅಂಗಡಿಯಲ್ಲಿ" ಎಂದು ಬರೆದೆವು. ನಾಲ್ಕು ಗಂಟೆಗೆ ಹಸಿರು ಚುಕ್ಕಿ ಮೂಡಿತು.

ನಾನು ಆ ಹುಡುಗನನ್ನು ಬೈಯಲಿಲ್ಲ. ಅವನೇ ಹೇಳಿದ. "ಅಕ್ಕ, ಜೂನ್‌ನಲ್ಲಿ ಹಾಕಿದ್ದೂ ನಾನೇ. ದೀಪ ಹತ್ತಿದ ಫೋಟೋ ಕಳಿಸು ಅಂದಿದ್ದರು. ಕಳಿಸಿದೆ. ಬೇರೆ ಏನೂ ಕೇಳಿರಲಿಲ್ಲ." ಈ ಮಾತಿನಲ್ಲೇ ಎಲ್ಲ ಇದೆ ಅಂತ ನನಗನಿಸಿತು. ಒಪ್ಪಂದದಲ್ಲಿ, ಅಳತೆ ಪುಸ್ತಕದಲ್ಲಿ, ಕಾಮಗಾರಿ ಮುಗಿದ ಪ್ರಮಾಣಪತ್ರದಲ್ಲಿ ಎಷ್ಟು ಮೀಟರ್ ಕೇಬಲ್, ಎಷ್ಟು ಬಾಕ್ಸ್, ಎಷ್ಟು ಬ್ಯಾಟರಿ ಎಂದು ಇರುತ್ತದೆ. ನಿಗಾ ತಂತ್ರಾಂಶದಲ್ಲಿ ಕಾಣುತ್ತಿದೆಯೇ ಎಂಬ ಸಾಲು ನಾನು ನೋಡಿದ ಕಾಗದಗಳಲ್ಲಿ ಇರಲಿಲ್ಲ. ಕೇಳದ್ದನ್ನು ಯಾರೂ ಮಾಡುವುದಿಲ್ಲ.

ಅದಕ್ಕೇ ನನ್ನ ಬೇಡಿಕೆ ಒಂದೇ. ಹೊಸ ಬಾಕ್ಸ್ ನಿಗಾ ಪಟ್ಟಿಯಲ್ಲಿ ತನ್ನ ಸ್ವಂತ ಹೆಸರಿನಿಂದ ಕಾಣುವವರೆಗೆ ಕಾಮಗಾರಿ ಮುಗಿದಿದೆ ಎಂದು ಯಾರೂ ಸಹಿ ಹಾಕಬಾರದು. ಕೊನೆಯ ಕಂತಿನ ಹಣ ಕೊಡಬಾರದು. ಗೋಡೆಯ ಫೋಟೋ ಜೊತೆಗೆ ನಿಗಾ ಪರದೆಯ ಫೋಟೋವನ್ನೂ ಕಡತಕ್ಕೆ ಸೇರಿಸಲಿ.

ಪಟ್ಟಿಯಲ್ಲಿ ಕಂಡರೂ ಸಾಲದು. ಕೂರಿಸಿದವರು ಹೊರಡುವ ಮೊದಲು ಒಂದು ಸಲ ಪ್ಲಗ್ ಕಿತ್ತು ನೋಡಬೇಕು. ನಮ್ಮ ತಂತ್ರಾಂಶ ಐದು ನಿಮಿಷಕ್ಕೊಮ್ಮೆ ಎಲ್ಲ ಬಾಕ್ಸ್‌ಗಳನ್ನೂ ಮಾತಾಡಿಸುತ್ತದೆ. ಹತ್ತು ನಿಮಿಷ ಕಾದರೆ ಪರದೆಯಲ್ಲಿ ಕೆಂಪಾಗಬೇಕು, ರಾತ್ರಿ ಪಾಳಿಯವರ ಫೋನ್‌ಗೆ ಸಂದೇಶ ಹೋಗಬೇಕು. ಹೋಯಿತೇ? ಹೋದರೆ ಪ್ಲಗ್ ಹಾಕಿ, ಹಸಿರಾದ ಮೇಲೆ ಜೀಪ್ ಹತ್ತಿ. ಹೋಗದಿದ್ದರೆ ಏನೋ ಬಾಕಿ ಇದೆ. ಹೊಗೆ ಬಂದಾಗ ಕೂಗುವ ಯಂತ್ರವನ್ನು ಮನೆಗೆ ಹಾಕಿಸಿದರೆ ಒಮ್ಮೆ ಹೊಗೆ ತೋರಿಸಿ ನೋಡುತ್ತೇವೆ ಅಲ್ವಾ?

ಗುತ್ತಿಗೆದಾರರಲ್ಲಿ ಕೆಲವರು ನನ್ನ ಹತ್ತಿರ ಹೇಳಿದ್ದಾರೆ. ಸಿಗ್ನಲ್ ಇಲ್ಲದ ಊರಲ್ಲಿ ನಿಂತು ನಿಮಗೆ ಫೋನ್ ಮಾಡುವುದು ಹೇಗೆ, ಮಳೆಯಲ್ಲಿ ಹುಡುಗರು ಎಷ್ಟು ಹೊತ್ತು ಕಾಯಬೇಕು ಎಂದು. ನ್ಯಾಯವಾದ ಮಾತು. ನಾನೂ ಬಿರುನಾಣಿ ಕಡೆ, ಗಾಳಿಬೀಡು ಕಡೆ ಜಿಗಣೆ ಕಚ್ಚಿಸಿಕೊಂಡು ನಿಂತವಳೇ. ಆದರೆ ಇದಕ್ಕೆ ದಾರಿ ಇದೆ, ಈಗ ನಾವು ಹಾಗೇ ಮಾಡುತ್ತಿದ್ದೇವೆ. ಕೆಲಸದ ಕ್ರಮವನ್ನೇ ತಿರುಗಿಸಿದ್ದೇವೆ. ಮೊದಲು ಪಟ್ಟಿ, ಆಮೇಲೆ ಗೋಡೆ.

ಬಾಕ್ಸ್ ಮಡಿಕೇರಿಗೆ ಬಂದ ದಿನವೇ ಅದನ್ನು ಮೇಜಿನ ಮೇಲಿಟ್ಟು ಬಿಚ್ಚುತ್ತೇವೆ. ಕೆಳಗಿನ ಲೇಬಲ್ ನೋಡಿ ಸೀರಿಯಲ್ ನಂಬರ್ ಬರೆದುಕೊಳ್ಳುತ್ತೇವೆ. ಕೈಯಲ್ಲಿ ಬರೆಯುವುದಕ್ಕಿಂತ ಫೋಟೋ ತೆಗೆಯುವುದು ಒಳ್ಳೆಯದು. ಸೊನ್ನೆಯನ್ನು "ಓ" ಎಂದು, ಎಂಟನ್ನು "ಬಿ" ಎಂದು ಬರೆದು ಅರ್ಧ ದಿನ ಕಳೆದುಕೊಂಡದ್ದಿದೆ. ಹೆಸರು, ವಿಳಾಸ, ಸ್ಥಳ, ಗುಟ್ಟಿನ ಪದ, ಟ್ರ್ಯಾಪ್ ಎಲ್ಲಿಗೆ ಹೋಗಬೇಕು, ಗಡಿಯಾರ ಯಾವ ಸರ್ವರ್ ನೋಡಿ ಸರಿಹೊಂದಬೇಕು, ಎಲ್ಲ ಅಲ್ಲೇ ತುಂಬುತ್ತೇವೆ. ಆಮೇಲೆ ತಂತ್ರಾಂಶಕ್ಕೆ ನಾವೇ ಕೈಯಾರೆ ಸೇರಿಸುತ್ತೇವೆ. ಅದು ಹುಡುಕಿಕೊಳ್ಳಲಿ ಎಂದು ಕಾಯುವುದಿಲ್ಲ. ಮೇಜಿನ ಮೇಲಿಂದ ಪ್ಲಗ್ ತೆಗೆದ ಸ್ವಲ್ಪ ಹೊತ್ತಿನಲ್ಲೇ ಅದು ಕೆಂಪಾಗುತ್ತದೆ. ಜೀಪಿನಲ್ಲಿ ಹೋಗುವಾಗಲೂ ಕೆಂಪು, ಗೋಡೆಗೆ ಮೊಳೆ ಹೊಡೆಯುವಾಗಲೂ ಕೆಂಪು. ಊರಿನಲ್ಲಿ ಫೈಬರ್ ಸಿಕ್ಕಿಸಿದ ಮೇಲೆ ಹಸಿರಾಗಲೇಬೇಕು. ಆಗದಿದ್ದರೆ ಇಲ್ಲಿ ಕುಳಿತ ನನಗೇ ಗೊತ್ತಾಗುತ್ತದೆ, ಹುಡುಗ ತಿರುವಿನವರೆಗೆ ಹತ್ತಬೇಕಾಗಿಲ್ಲ. ಪಟ್ಟಿಯಲ್ಲಿ ಕೆಂಪಾಗಿರುವುದನ್ನು ಯಾರೂ ಮರೆಯುವುದಿಲ್ಲ. ಪಟ್ಟಿಯಲ್ಲೇ ಇಲ್ಲದ್ದನ್ನು ಮರೆಯುವುದು ಬಹಳ ಸುಲಭ. ಮೇಜಿನ ಮೇಲಿನ ಈ ಕೆಲಸಕ್ಕೆ ಒಂದು ಬಾಕ್ಸ್‌ಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ನಮಗೆ ಅವತ್ತು ಹೋದದ್ದು ಆರು ಗಂಟೆ, ಊರಿಗೆ ಹೋದದ್ದು ಮೂರು ದಿನ.

ಒಂದು ಎಚ್ಚರಿಕೆ. ಒಂದು ಬಾಕ್ಸ್‌ನ ಸೆಟ್ಟಿಂಗ್ ಅನ್ನು ಹಾಗೇ ಇನ್ನೊಂದಕ್ಕೆ ನಕಲು ಮಾಡಿ ಹಾಕುವ ರೂಢಿ ಇದೆ. ಬೇಗ ಆಗುತ್ತದೆ, ನಿಜ. ಆದರೆ ಹೆಸರೂ ನಕಲಾಗುತ್ತದೆ, ವಿಳಾಸವೂ ನಕಲಾಗಬಹುದು. ಎಸ್‌ಎನ್‌ಎಂಪಿಯ ಮೂರನೇ ಆವೃತ್ತಿಯಲ್ಲಿ ಪ್ರತಿ ಬಾಕ್ಸ್‌ಗೂ ಎಂಜಿನ್ ಐಡಿ ಎಂಬ ಗುರುತು ಬೇರೆ ಬೇರೆ ಇರಲೇಬೇಕು. ಅದೂ ಒಂದೇ ಆದರೆ ತಂತ್ರಾಂಶಕ್ಕೆ ಎರಡು ಬಾಕ್ಸ್ ಒಂದೇ ಆಗಿ ಕಾಣುತ್ತವೆ. ಹಾಗೆಂದು ಮೂರನೇ ಆವೃತ್ತಿ ಬೇಡ ಎನ್ನುತ್ತಿಲ್ಲ. ಅದೇ ಬೇಕು. ಹಳೆಯ ಆವೃತ್ತಿಯಲ್ಲಿ ಗುಟ್ಟಿನ ಪದ ತಂತಿಯ ಮೇಲೆ ಬಿಚ್ಚಾಗಿ ಹೋಗುತ್ತದೆ. ಮೂರನೆಯದರಲ್ಲಿ ಪಾಸ್‌ವರ್ಡ್ ಇದೆ, ಮಾತನ್ನು ಮುಚ್ಚಿ ಕಳಿಸುವ ಏರ್ಪಾಡು ಇದೆ. 2002ರಲ್ಲೇ ಅದು ಪೂರ್ಣ ಮಾನದಂಡವಾಗಿದೆ. ಇನ್ನೂ ಹಳೆಯದನ್ನೇ ಹಿಡಿದುಕೊಂಡಿರುವುದಕ್ಕೆ ಕಾರಣ ಉದಾಸೀನ ಬಿಟ್ಟರೆ ಬೇರೇನೂ ನನಗೆ ಕಾಣುವುದಿಲ್ಲ.

ಹಾಗಾದರೆ ಡಿಸ್ಕವರಿ ಬೇಡವೇ ಎಂದು ಕೇಳಬಹುದು. ಬೇಕು. ಅದು ಮರೆತದ್ದನ್ನು ಹಿಡಿಯುವುದಕ್ಕೆ ಬೇಕು. ವಾರಕ್ಕೊಮ್ಮೆ ನಾನು ಮೂರು ಪಟ್ಟಿಗಳನ್ನು ಎದುರುಬದುರು ಇಟ್ಟು ನೋಡುತ್ತೇನೆ. ಖರೀದಿ ಮಾಡಿದ ಸೀರಿಯಲ್ ನಂಬರ್‌ಗಳು, ನಿಗಾ ತಂತ್ರಾಂಶದಲ್ಲಿರುವ ಹೆಸರುಗಳು, ಸ್ವಿಚ್‌ಗಳು "ನನ್ನ ಪಕ್ಕದಲ್ಲಿ ಇವನಿದ್ದಾನೆ" ಎಂದು ಹೇಳುವ ನೆರೆಯವರು. ಮೊದಲನೇ ಸಲ ಹೀಗೆ ನೋಡಿದಾಗ ನಮ್ಮ ಪಟ್ಟಿಯಲ್ಲಿಲ್ಲದ ಆರು ಬಾಕ್ಸ್‌ಗಳು ಸಿಕ್ಕವು. ಆ ಪೈಕಿ ಒಂದು ಬಾಕ್ಸ್ ಎರಡು ವರ್ಷದಿಂದ ಕೆಲಸ ಮಾಡುತ್ತಿತ್ತು. ಅಷ್ಟು ದಿನ ಅದು ಕೆಡದೇ ಇದ್ದದ್ದು ಆ ಊರಿನವರ ಪುಣ್ಯ. ಇನ್ನು ಬಾಗಿಲು ತಟ್ಟುವ ವಿಧಾನವನ್ನೇ ನಂಬಿ ಕೂರುವ ಕಾಲವೂ ಮುಗಿಯುತ್ತಿದೆ. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲಿ ಒಂದೊಂದು ಬೀದಿಗೂ 2ರ 64ನೇ ಘಾತದಷ್ಟು ಮನೆ ನಂಬರ್ ಇರುತ್ತದೆ. ಒಂದೊಂದಾಗಿ ತಟ್ಟುತ್ತಾ ಹೋದರೆ ನಮ್ಮ ಆಯುಷ್ಯ ಸಾಲದು.

ಮನೆಗಳಿಗೆ ಕೊಡುವ ಫೈಬರ್‌ನ ಬಾಕ್ಸ್‌ಗಳಲ್ಲೂ ಇದೇ ಕಥೆ. ಒಎನ್‌ಟಿ ಅನ್ನುವ ಆ ಸಣ್ಣ ಬಾಕ್ಸ್ ಸಿಕ್ಕಿಸಿದ ಕೂಡಲೇ ಎಕ್ಸ್‌ಚೇಂಜ್‌ನಲ್ಲಿರುವ ಒಎಲ್‌ಟಿ ಎಂಬ ಮುಖ್ಯ ಬಾಕ್ಸ್‌ಗೆ ಅದರ ಸೀರಿಯಲ್ ನಂಬರ್ ತಾನಾಗೇ ಕಾಣುತ್ತದೆ. ಅದು ಕಂಡಿತಲ್ಲ, ಎಲ್ಲ ಆಯಿತು ಎಂದು ಹುಡುಗರು ಅಂದುಕೊಳ್ಳುತ್ತಾರೆ. ಒಎಲ್‌ಟಿಗೆ ಕಂಡದ್ದು ಬೇರೆ, ಒಎಲ್‌ಟಿಯೇ ನಿಗಾ ತಂತ್ರಾಂಶದ ಪಟ್ಟಿಯಲ್ಲಿದೆಯೇ ಎಂಬುದು ಬೇರೆ. ಎರಡನೆಯದನ್ನೂ ನೋಡಬೇಕು.

ಇದನ್ನು ಇಷ್ಟು ಉದ್ದಕ್ಕೆ ಬರೆಯಲು ಇನ್ನೊಂದು ಕಾರಣವಿದೆ. 2018ರ ಆಗಸ್ಟ್ ಕೊಡಗಿನವರು ಯಾರೂ ಮರೆತಿಲ್ಲ. ನನ್ನ ಮಾವನ ಮನೆ ಮಕ್ಕಂದೂರಿನ ಆಚೆ. ಗುಡ್ಡ ಜಾರಿದ ಸುದ್ದಿ ಬಂದ ಮೇಲೆ ಮೂರು ದಿನ ಅವರ ಸುದ್ದಿ ಇರಲಿಲ್ಲ. ಕರೆಂಟ್ ಇಲ್ಲ, ಟವರ್ ಇಲ್ಲ, ಫೋನ್ ಇಲ್ಲ. ಕರೆ ಮಾಡಿದರೆ ಆ ಕಡೆ ಏನೂ ಕೇಳುತ್ತಿರಲಿಲ್ಲ. ಅವರು ಪರಿಹಾರ ಕೇಂದ್ರದಲ್ಲಿ ಕ್ಷೇಮವಾಗಿ ಸಿಕ್ಕರು. ಆದರೆ ಆ ಮೂರು ದಿನ ನಮ್ಮ ಮನೆಯಲ್ಲಿದ್ದ ಅತ್ತೆ ಫೋನನ್ನು ಕೈಯಿಂದ ಇಳಿಸಲಿಲ್ಲ. ಮಾತು ಬಾರದ ಕಡೆ ಏನೋ ಆಗಿದೆ ಎಂದು ಮನೆಯವರಿಗೆ ತಿಳಿಯುತ್ತದೆ, ಯಾಕೆಂದರೆ ಅಲ್ಲಿ ಇಂಥವರು ಇದ್ದಾರೆ ಎಂದು ಅವರಿಗೆ ಗೊತ್ತು. ತಂತ್ರಾಂಶಕ್ಕೆ ಆ ಗೊತ್ತು ಇಲ್ಲ. ನಾವು ಹೇಳಿಕೊಟ್ಟರೆ ಮಾತ್ರ ಅದು ಕಾಯುತ್ತದೆ.

ಆ ವರ್ಷದ ನಂತರ ನಮ್ಮಲ್ಲಿ ಮಳೆ, ಬೆಟ್ಟ, ಹೊಳೆ ನೋಡಿಕೊಳ್ಳುವ ಉಪಕರಣಗಳ ಬಗ್ಗೆ ಮಾತು ಜಾಸ್ತಿಯಾಗಿದೆ. ಒಳ್ಳೆಯದೇ. ಪಂಚಾಯ್ತಿ ಮಟ್ಟದಲ್ಲಿ ತಾನಾಗೇ ಲೆಕ್ಕ ಕಳಿಸುವ ಮಳೆ ಮಾಪಕಗಳಿವೆ. ಅಲ್ಲಲ್ಲಿ ಕ್ಯಾಮೆರಾ ಹಾಕುತ್ತಾರೆ. ಇವೆಲ್ಲಕ್ಕೂ ನಾನು ಹೇಳಿದ ಮಾತೇ ಅನ್ವಯಿಸುತ್ತದೆ. ಮಾಪಕ "ಸೊನ್ನೆ ಮಿಲಿಮೀಟರ್" ಎಂದು ಹೇಳುವುದಕ್ಕೂ, ಏನನ್ನೂ ಹೇಳದೇ ಇರುವುದಕ್ಕೂ ಬಹಳ ವ್ಯತ್ಯಾಸ ಇದೆ. ಆ ವ್ಯತ್ಯಾಸ ಪರದೆಯಲ್ಲಿ ಕಾಣಬೇಕಾದರೆ ಆ ಮಾಪಕ ಅಲ್ಲಿದೆ ಎಂಬುದು ಪಟ್ಟಿಯಲ್ಲಿರಬೇಕು. ಭಾಗಮಂಡಲದಲ್ಲಿ ಸಂಗಮ ತುಂಬಿ ರಸ್ತೆಗೆ ನೀರು ಬರುವ ದಿನಗಳಲ್ಲಿ ಒಂದು ಗಂಟೆ ಮೊದಲು ತಿಳಿಯುವುದಕ್ಕೆ ಎಷ್ಟು ಬೆಲೆ ಇದೆ ಎಂದು ಆ ಕಡೆಯವರನ್ನೇ ಕೇಳಿ.

ಹಳ್ಳಿಗಳಿಗೆ ಇನ್ನೂ ಬಾಕ್ಸ್‌ಗಳು ಬರಲಿವೆ. ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟ ಪಂಚಾಯ್ತಿ ಫೈಬರ್ ಯೋಜನೆಯೇ ಮುಂದೆ ಭಾರತ್‌ನೆಟ್ ಆಯಿತು. 2023ರಲ್ಲಿ ಅದನ್ನು ತಿದ್ದಿ, ಲೈನನ್ನು ಉಂಗುರದಂತೆ ಎಳೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಉಂಗುರ ಒಳ್ಳೆಯದು. ಒಂದು ಕಡೆ ಮರ ಬಿದ್ದು ಕಡಿದರೆ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ, ಊರಿನವರಿಗೆ ತೊಂದರೆ ಇಲ್ಲ. ಆದರೆ ಸ್ವಲ್ಪ ಯೋಚಿಸಿ. ಒಂದು ಕಡೆ ಕಡಿದಾಗ ಊರಿನವರಿಗೆ ಏನೂ ತಿಳಿಯುವುದಿಲ್ಲ, ಹಾಗಾಗಿ ಯಾರೂ ಫೋನ್ ಮಾಡುವುದಿಲ್ಲ. ನಿಗಾ ಪಟ್ಟಿಯಲ್ಲೂ ಆ ಬಾಕ್ಸ್ ಇಲ್ಲದಿದ್ದರೆ ಒಂದು ಕಾಲಿನಲ್ಲಿ ನಿಂತ ಉಂಗುರ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಇನ್ನೊಂದು ಮರ ಬಿದ್ದ ದಿನ ಸಾಲು ಊರುಗಳು ಒಟ್ಟಿಗೆ ಕತ್ತಲಾಗುತ್ತವೆ. ಮೊದಲೆಲ್ಲ ಅಂಗಡಿಯವರ ಒಂದು ಫೋನ್ ಕರೆಯಾದರೂ ನಮ್ಮನ್ನು ಎಬ್ಬಿಸುತ್ತಿತ್ತು. ಉಂಗುರದಲ್ಲಿ ಅದೂ ಇರುವುದಿಲ್ಲ.

ದುಡ್ಡಿಲ್ಲ ಎಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ. ಲಿಬ್ರೆಎನ್‌ಎಂಎಸ್, ಜ್ಯಾಬಿಕ್ಸ್ ಥರದ ನಿಗಾ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಕಾಲೇಜು, ಸೊಸೈಟಿ, ದೊಡ್ಡ ತೋಟದ ಕಚೇರಿ, ಯಾರು ಬೇಕಾದರೂ ಒಂದು ಸಾಧಾರಣ ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳಬಹುದು. ಪೊನ್ನಂಪೇಟೆ, ಕುಶಾಲನಗರದ ಕಡೆ ಇಂಜಿನಿಯರಿಂಗ್ ಕಲಿಯುತ್ತಿರುವ ಮಕ್ಕಳಿಗೆ ಇದು ಕೈಯಲ್ಲಿ ಮಾಡಿ ಕಲಿಯುವ ಒಳ್ಳೆಯ ಕೆಲಸ. ಬೇಕಾದರೆ ಒಂದು ಶನಿವಾರ ಬಂದು ನಾನೇ ತೋರಿಸಿಕೊಡುತ್ತೇನೆ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಪಂಚಾಯ್ತಿ, ಶಾಲೆ, ಸೊಸೈಟಿ ಗೋಡೆಯ ಮೇಲೆ ಇತ್ತೀಚೆಗೆ ಯಾವುದಾದರೂ ಬಾಕ್ಸ್ ಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ಅದರ ಲೇಬಲ್‌ನ ಫೋಟೋ ತೆಗೆದುಕೊಳ್ಳಿ. ಹಾಕಿದವರಿಗೆ ಫೋನ್ ಮಾಡಿ, ಇದು ನಿಮ್ಮ ನಿಗಾ ಪಟ್ಟಿಯಲ್ಲಿ ಇದೆಯೇ ಎಂದು ಕೇಳಿ. "ಇದೆ" ಎಂದರೆ ಯಾವ ಹೆಸರಿನಲ್ಲಿದೆ ಎಂದೂ ಕೇಳಿ. ಅವರು ಹೆಸರು ಹೇಳಲು ತಡಬಡಾಯಿಸಿದರೆ ಸೀರಿಯಲ್ ನಂಬರ್ ಓದಿ ಹೇಳಿ, ಬರೆದುಕೊಳ್ಳಲು ಹೇಳಿ. ಮೇ ತಿಂಗಳೊಳಗೆ ಮಾಡಿದರೆ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಳು
(ಹೆಸರು ಪ್ರಕಟಿಸುವುದು ಬೇಡ)
ಮಡಿಕೇರಿ